ಮಣಿಪಾಲದ ಮಾಳಿಗೆಯಲ್ಲಿ ಕಾಫಿ ಕಾಕ್‌ಟೇಲ್

ಕೆಮ್ಮಿನ ಔಷಧದ ಬಾಟಲಿಯ ಜೊತೆ ಬರುವ ಪ್ಲಾಸ್ಟಿಕ್ ಮುಚ್ಚಳದ ಒಳಗೆ ಐದು, ಹತ್ತು, ಹದಿನೈದು ಎಂದು ಮೂರು ಗೆರೆಗಳಿರುತ್ತವೆ. ಹತ್ತರ ಗೆರೆಯವರೆಗೆ ತುಂಬಿಸಿದರೆ ನಿಜವಾಗಿ ಬರುವುದು ಹತ್ತು ಮಿಲಿಗಿಂತ ಚೂರು ಹೆಚ್ಚು. ನಾನು ಅಳೆದು ನೋಡಿದ್ದೇನೆ. ಆ ಭಾನುವಾರ ಮಧ್ಯಾಹ್ನ ಅಂಥದೊಂದು ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿಕೊಂಡು, ನಾನು ರಮ್ ಅಳೆಯುತ್ತಿದ್ದೆ. ನಾನು ಮದುವೆಯಾಗಬೇಕೆಂದಿರುವ ಹುಡುಗನ ಸೋದರಮಾವನಿಗೆ ಕೊಡಲು.

ಗದಗಿನ ನಮ್ಮ ಓಣಿಯಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಇಷ್ಟಕ್ಕೇ ಮಡಚಿ ಪಕ್ಕಕ್ಕಿಡುತ್ತಾರೆ. ದಯವಿಟ್ಟು ಇಡಬೇಡಿ. ನಮ್ಮಲ್ಲಿ ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟು, ಶಿರಾ, ಚಹಾ. ಹುಡುಗಿ ತಲೆ ತಗ್ಗಿಸಿ ತಟ್ಟೆ ಹಿಡಿದುಕೊಂಡು ಬರಬೇಕು, ಅಪ್ಪ ಮಾತಾಡಬೇಕು, ಅವ್ವ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಳ್ಳಬೇಕು. ಇಲ್ಲಿ ಅಪ್ಪನೂ ಇರಲಿಲ್ಲ, ಅವ್ವನೂ ಇರಲಿಲ್ಲ, ಹುಡುಗನೂ ಇರಲಿಲ್ಲ. ಒಂದು ಬಾಡಿಗೆ ಮಾಳಿಗೆ, ಒಬ್ಬಳೇ ನಾನು, ಮತ್ತು ಫ್ರಿಜ್ಜಿನಲ್ಲಿ ಎರಡು ಟ್ರೇ ಐಸು ಇದ್ದವು.

ನಾನು ಮಣಿಪಾಲಕ್ಕೆ ಬಂದು ಇದು ಮೂರನೆಯ ವರ್ಷ. ಔಷಧ ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ ಕೆಲಸ. ಬಂದ ಮೊದಲ ವಾರ ಮನೆ ಹುಡುಕುವಾಗ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಒಬ್ಬರೇಯಾ?" ನಮ್ಮ ಕಡೆಯಾದರೆ ಮೊದಲು ಕೇಳುವುದು "ಯಾರ ಪೈಕಿ?" ಎಂದು. ಯಾರ ಪೈಕಿ ಎಂಬುದಕ್ಕೆ ನನ್ನಲ್ಲಿ ಉತ್ತರವಿತ್ತು. ಒಬ್ಬರೇಯಾ ಎಂಬುದಕ್ಕೆ "ಹೌದು" ಎನ್ನುವುದನ್ನು ಬಿಟ್ಟರೆ ಬೇರೆ ಉತ್ತರವಿರಲಿಲ್ಲ. ಹಾಗೆ ಹೌದೆಂದಾಗ "ಸರಿ, ಮೇಲೆ ಉಂಟು, ನೋಡಿ" ಎಂದು ಬೀಗದ ಕೈ ಕೊಟ್ಟವರು ವಸಂತಿಯಕ್ಕ ಒಬ್ಬರೇ. ಅವರು ಸಹಕಾರಿ ಸೊಸೈಟಿಯಲ್ಲಿ ಕ್ಯಾಷಿಯರ್. ಸ್ಕೂಟರಿನಲ್ಲಿ ಓಡಾಡುತ್ತಾರೆ. ಗಂಡನಿಗೆ ಉಡುಪಿಯಲ್ಲಿ ಬಣ್ಣದ ಅಂಗಡಿ. ತವರು ಹೆಜಮಾಡಿ. ಕೆಳಗೆ ಅವರ ಸಂಸಾರ, ಮೇಲೆ ನಾನು.

ಭಾಷೆಯ ವಿಷಯದಲ್ಲಿ ನನಗೊಂದು ತಪ್ಪು ಅಂದಾಜಿತ್ತು. ಕರ್ನಾಟಕದೊಳಗೇ ತಾನೆ ಹೋಗುವುದು ಎಂದುಕೊಂಡಿದ್ದೆ. ಬಸ್ಸಿನಲ್ಲಿ ಎಲ್ಲರೂ ತುಳುವಿನಲ್ಲಿ ನಗುತ್ತ ಹರಟುತ್ತಿರುತ್ತಾರೆ. ನಾನು ಪಕ್ಕದಲ್ಲಿ ಕೂತೆನೆಂದರೆ ಥಟ್ಟನೆ ಕನ್ನಡಕ್ಕೆ ಬದಲಾಗುತ್ತಾರೆ. ಆ ಕನ್ನಡ ಎಷ್ಟು ಅಚ್ಚುಕಟ್ಟೆಂದರೆ ಯಾರೋ ನನಗೆ ಇಸ್ತ್ರಿ ಮಾಡಿದ ಬಟ್ಟೆ ತಂದುಕೊಟ್ಟ ಹಾಗೆ. ಮನೆಯ ಬಟ್ಟೆ ಬೇರೆ ಇದೆ, ಅದು ನನಗಲ್ಲ ಎಂಬುದೂ ಅದರಿಂದಲೇ ತಿಳಿಯುತ್ತಿತ್ತು. ನನ್ನ ಗದಗಿನ ಬಿರುಸು ಕನ್ನಡವನ್ನು ಕೇಳಿ ಅವರು ಹಿಂದೆ ಸರಿಯುತ್ತಿದ್ದರು. ಲ್ಯಾಬಿನ ಒಬ್ಬ ಸಹೋದ್ಯೋಗಿ ಮೊದಲ ತಿಂಗಳು ನನ್ನನ್ನು ಮೆಲ್ಲಗೆ ಕೇಳಿದ್ದಳು: "ನಿಮಗೆ ನನ್ನ ಮೇಲೆ ಎಂತದಾದರೂ ಕೋಪ ಉಂಟಾ?" ನಾನು ಅವಳಿಂದ ಕೇಳಿದ್ದು ಸ್ಟೇಪ್ಲರ್ ಅಷ್ಟೆ.

ಊಟದ್ದು ಬೇಗ ಒಗ್ಗಿತು. ಕುಚ್ಚಲಕ್ಕಿ ಅನ್ನವನ್ನು ಮೊದಲು ಅಗಿದು, ಆಮೇಲೆ ನುಂಗಿ, ಕೊನೆಗೆ ಇಷ್ಟಪಟ್ಟೆ. ಜೋಳದ ಹಿಟ್ಟು ತಿಂಗಳಿಗೊಮ್ಮೆ ಗದಗಿನಿಂದ ಬಸ್ಸಿನಲ್ಲಿ ಬರುತ್ತದೆ. ಒಗ್ಗದೆ ಉಳಿದದ್ದು ಭಾನುವಾರ. ನಮ್ಮ ಓಣಿಯಲ್ಲಿ ಭಾನುವಾರ ಬಾಗಿಲು ಹಾಕಿಕೊಂಡರೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದು ಅರ್ಥ. ಮಂದಿ ಕೇಳದೆ ಒಳಗೆ ಬರುತ್ತಾರೆ. ಇಲ್ಲಿ ಯಾರೂ ಕೇಳದೆ ಬರುವುದಿಲ್ಲ. ಕೇಳಿ ಕರೆಯುವುದು ನನಗೆ ಬರುವುದಿಲ್ಲ. ಹೀಗೆ ಎರಡು ವರ್ಷಗಳ ಭಾನುವಾರಗಳು ಮಾಳಿಗೆಯ ಮೇಲೆ ಸುಮ್ಮನೆ ಕಳೆದವು.

ಸುಧೀರ ನಮ್ಮ ಲ್ಯಾಬಿನ ಯಂತ್ರಗಳು ಕೆಟ್ಟಾಗ ಸರಿ ಮಾಡಲು ಬರುತ್ತಿದ್ದ. ಕಾರ್ಕಳದ ಪಕ್ಕ ಕುಕ್ಕುಂದೂರಿನವನು. ಈಗ ಅಬುಧಾಬಿಯಲ್ಲಿದ್ದಾನೆ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಇಷ್ಟವಿಲ್ಲ. ಕಳೆದ ವರ್ಷ ನಾವಿಬ್ಬರೂ ನಮ್ಮ ನಮ್ಮ ಮನೆಗಳಲ್ಲಿ ವಿಷಯ ತಿಳಿಸಿದೆವು. ನಮ್ಮಪ್ಪ ಒಂದು ತಿಂಗಳು ಮಾತಾಡಲಿಲ್ಲ. ಆಮೇಲೆ ಅವ್ವನ ಮೂಲಕ ಹೇಳಿ ಕಳಿಸಿದ: ಅವರ ಕಡೆಯವರು ಒಪ್ಪಿದರೆ ನಾವು ಹೋಗಿ ಮಾತಾಡೋಣ, ಅವರು ಒಲ್ಲೆ ಎಂದರೆ ಈ ಮಾತು ಇಲ್ಲಿಗೇ ಮುಗಿಯಬೇಕು. ಅಪ್ಪನ ಮಾತು ಕಠಿಣ, ಆದರೆ ಸ್ಪಷ್ಟ. ಹಾಗಾಗಿ ಎಲ್ಲವೂ ಸುಧೀರನ ಮನೆಯವರು ನನ್ನನ್ನು ನೋಡಿ ಏನು ಹೇಳುತ್ತಾರೆ ಎಂಬುದರ ಮೇಲೆ ನಿಂತಿತ್ತು.

"ನಿಮ್ಮಪ್ಪ ಬರ್ತಾರಾ?" ಎಂದು ನಾನು ಫೋನಿನಲ್ಲಿ ಕೇಳಿದೆ.

"ಅಪ್ಪ ಬಂದರೂ ಒಂದೇ, ಬಾರದಿದ್ದರೂ ಒಂದೇ," ಎಂದ ಸುಧೀರ. "ಮಾವ ಬರ್ತಾರೆ. ಅಮ್ಮನ ಅಣ್ಣ. ಅವರು ಹೂಂ ಅಂದರೆ ಮನೆಯವರೆಲ್ಲ ಹೂಂ ಅಂದ ಹಾಗೆ."

ನಾನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ನಮ್ಮ ಕಡೆ ಸೋದರಮಾವ ಮದುವೆಯಲ್ಲಿ ಮದುಮಗಳನ್ನು ಎತ್ತಿಕೊಂಡು ಬರುವವನು, ಸೀರೆ ಕೊಡುವವನು, ಊಟಕ್ಕೆ ಮೊದಲು ಕೂರುವವನು. ಇಲ್ಲಿ ಅವನು ತೀರ್ಪು ಹೇಳುವವನು.

ಕಾಫಿ ಕಾಕ್‌ಟೇಲಿನ ಯೋಚನೆ ಸುಧೀರನ ತಂಗಿ ಅಕ್ಷತಾಳದು. ಮಂಗಳೂರಿನಲ್ಲಿ ಓದುತ್ತಿರುವ ಹುಡುಗಿ. ನನ್ನನ್ನು ಆಗಲೇ ಅತ್ತಿಗೆ ಎಂದು ಕರೆಯುತ್ತಿದ್ದಳು. "ಭಾನುವಾರ ನಮಗೆ ಉಡುಪಿಗೆ ದೇವಸ್ಥಾನಕ್ಕೆ ಬರ್ಲಿಕ್ಕುಂಟು ಅತ್ತಿಗೆ, ಹಾಗೆಯೇ ಸಾಯಂಕಾಲ ನಿಮ್ಮಲ್ಲಿಗೆ ಬರ್ತೇವೆ. ಮಾವನಿಗೆ ಚಾ ಕೊಟ್ಟು ಬೋರ್ ಹೊಡೆಸ್ಬೇಡಿ. ಅವರಿಗೆ ಕತ್ತಲಾದ ಮೇಲೆ ಒಂದು ಪೆಗ್ ಬೇಕು, ಎದುರಿಗೇ ಕುಡಿಯುವುದು, ಕದ್ದು ಮುಚ್ಚಿ ಇಲ್ಲ. ಅಮ್ಮನೂ ಕಾಫಿ ಅಂದರೆ ಬಿಡುವುದಿಲ್ಲ. ಎರಡೂ ಸೇರಿಸಿ ಒಂದು ಮಾಡಿ. ನಾನು ವೀಡಿಯೊ ಕಳಿಸ್ತೇನೆ."

ನಾನು ಕುಡಿಯುವುದಿಲ್ಲ. ರುಚಿ ನೋಡಿಲ್ಲ ಎಂದು ಹೇಳುತ್ತಿಲ್ಲ. ಆದರೆ ಅಳತೆ ಎಂಬುದು ನನ್ನ ಕೆಲಸ, ಮತ್ತು ನನ್ನ ಜೀವನದ ದೊಡ್ಡದೊಂದು ವಿಷಯವನ್ನು ಮಿಲಿಯಲ್ಲಿ ಅಳೆಯಬಹುದಾದಂತೆ ಯಾರೋ ತಂದು ಮುಂದಿಟ್ಟಾಗ ನನಗೆ ಸಮಾಧಾನವೇ ಆಯಿತು. ವಾರವಿಡೀ ಸಂಜೆ ಕೆಲಸ ಮುಗಿಸಿ ಬಂದು ಪ್ರಯೋಗ ಮಾಡಿದೆ. ಫಿಲ್ಟರಿನಲ್ಲಿ ನಿಧಾನಕ್ಕೆ ಇಳಿಸಿದ ಗಟ್ಟಿ ಡಿಕಾಕ್ಷನ್ ಮೂವತ್ತು ಮಿಲಿ, ರಮ್ ಅಷ್ಟೇ, ಬೆಲ್ಲದ ಪಾಕ ಅದರ ಅರ್ಧ. ಐಸಿನ ಜೊತೆ ಬಿಗಿಯಾದ ಡಬ್ಬಿಯಲ್ಲಿ ಹಾಕಿ ತೋಳು ನೋಯುವವರೆಗೆ ಕುಲುಕಿದರೆ ಮೇಲೆ ಕಂದು ನೊರೆ ಕಟ್ಟುತ್ತದೆ. ಅದರ ಮೇಲೆ ಮೂರು ಹುರಿದ ಕಾಫಿ ಬೀಜ ತೇಲಿಸುವುದು. ಸ್ಕ್ರೂ ಮುಚ್ಚಳವಿರುವ ಸ್ಟೀಲ್ ಡಬ್ಬಿ ನನ್ನಲ್ಲಿದ್ದದ್ದು ಒಂದೇ, ಅವ್ವ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ತುಂಬಿ ಕಳಿಸಿದ್ದು. ಮೊದಲ ದಿನದ ಕಾಕ್‌ಟೇಲಿಗೆ ಬೆಳ್ಳುಳ್ಳಿಯ ವಾಸನೆಯಿತ್ತು. ಡಬ್ಬಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಿಸಿಲಿಗಿಟ್ಟು, ಮತ್ತೆ ತಿಕ್ಕಿದೆ. ಶುಕ್ರವಾರದ ಹೊತ್ತಿಗೆ ಅದರಲ್ಲಿ ಗದಗು ಉಳಿದಿರಲಿಲ್ಲ.

ರಮ್ ಕೊಳ್ಳಲು ನಾನೇ ಹೋದೆ. ಅಂಗಡಿಯವನು ಮುಖ ಎತ್ತದೆ "ಕವರ್ ಬೇಕಾ ಅಕ್ಕ?" ಎಂದ. ಅಷ್ಟೇ. ಗದಗಿನಲ್ಲಿ ಇದನ್ನು ಮಾಡಿದ್ದರೆ ನಾನು ಮನೆ ತಲುಪುವ ಮೊದಲು ಸುದ್ದಿ ತಲುಪಿರುತ್ತಿತ್ತು. ಆ ದಿನ ಪುಟ್ಟದೊಂದು ಜಯ ಸಾಧಿಸಿದವಳಂತೆ ಮೆಟ್ಟಿಲು ಹತ್ತಿದೆ.

ಒಂದು ಮಾತನ್ನು ಮಾತ್ರ ನಾನು ನುಂಗಿದೆ. ವಸಂತಿಯಕ್ಕನ ಶೋಕೇಸಿನಲ್ಲಿ ಕಾಲಿರುವ ಗಾಜಿನ ಗ್ಲಾಸುಗಳಿದ್ದವು, ಕೇಳಲು ಹೋದೆ. ಹಿರಿಯರೊಬ್ಬರು ನನ್ನ ಜೊತೆ ಇರಲಿ ಎಂದು ಅವರನ್ನೂ ಸಂಜೆಗೆ ಕರೆದೆ. "ಹೋ, ಬರ್ತೇನೆ. ಆದರೆ ಈ ಗ್ಲಾಸು ಎಂತಕ್ಕೆ?" ಎಂದರು. "ಕಾಫಿ ಮಾಡ್ತಿದ್ದೇನೆ ಅಕ್ಕ, ಐಸ್ ಹಾಕಿ," ಎಂದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಪೂರ್ತಿ ಹೇಳಿದ್ದರೆ ಆ ಕ್ಷಣವೇ ಅವರು ನನ್ನನ್ನು ಉಳಿಸುತ್ತಿದ್ದರು.

ಭಾನುವಾರ ಸಂಜೆ ಅವರು ಬಂದರು: ಸುಧೀರನ ಅಮ್ಮ ಲೀಲಕ್ಕ, ಅಕ್ಷತಾ, ಮತ್ತು ಮಾವ. ಮಾವನಿಗೆ ಕಾರ್ಕಳದಲ್ಲಿ ಪಂಪ್‌ಸೆಟ್ಟಿನ ಅಂಗಡಿ; ಬಿಳಿ ಅಂಗಿ, ಬಿಳಿ ಪಂಚೆ, ಹಣೆಯಲ್ಲಿ ದೇವಸ್ಥಾನದ ಗಂಧ. ಬಂದವರಿಗೆ ಮೊದಲು ಬೆಲ್ಲ ಮತ್ತು ನೀರು ಕೊಡಬೇಕೆಂಬ ಇಲ್ಲಿಯ ಕ್ರಮ ನನಗೆ ಗೊತ್ತಿತ್ತು. ಕೊಟ್ಟೆ. ಮಾವ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ತಂಗಿಯ ಕಡೆ ನೋಡಿದರು. ಲೀಲಕ್ಕನ ಮುಖ ಸಡಿಲವಾಯಿತು. ಇಷ್ಟು ಚೆನ್ನಾಗಿ ಆರಂಭವಾದೀತೆಂದು ನಾನು ಎಣಿಸಿರಲಿಲ್ಲ.

"ಘಟ್ಟದ ಮೇಲಿನವರಿಗೆ ಇದೆಲ್ಲ ಯಾರು ಹೇಳಿಕೊಟ್ಟದ್ದು?" ಎಂದರು ಮಾವ.

"ನೋಡಿ ಕಲಿತೆ," ಎಂದೆ.

"ಮಾತು ಕಮ್ಮಿ ಅಲ್ವಾ ನಿಮಗೆ? ಸುಧೀರನಿಗೆ ಒಳ್ಳೆಯದು. ಅವನು ನಿದ್ದೆಯಲ್ಲಿಯೂ ಮಾತಾಡ್ತಾನೆ."

ನಾನು ಒಳಗೆ ಹೋಗಿ ಡಬ್ಬಿ ಕುಲುಕಿದೆ. ಆ ಸದ್ದಿಗೆ ಹೊರಗೆ ಮಾತು ನಿಂತದ್ದು ಕೇಳಿಸಿತು. ಗ್ಲಾಸುಗಳಿಗೆ ಸುರಿದೆ, ನೊರೆ ಕಟ್ಟಿತು, ಬೀಜಗಳು ತೇಲಿದವು. ತಟ್ಟೆಯಲ್ಲಿ ತಂದು ಎಲ್ಲರ ಕೈಗೆ ಕೊಟ್ಟು, ನನ್ನ ಕುರ್ಚಿಯಲ್ಲಿ ಕೂತೆ.

ಯಾರೂ ಕುಡಿಯಲಿಲ್ಲ.

ಮಾವ ಗ್ಲಾಸನ್ನು ಮೂಗಿನ ಹತ್ತಿರ ತಂದರು. "ಒಳ್ಳೆ ಪರಿಮಳ," ಎಂದು ಟೀಪಾಯಿಯ ಮೇಲಿಟ್ಟರು. ಲೀಲಕ್ಕ ತಮ್ಮದನ್ನು ಎರಡೂ ಕೈಯಲ್ಲಿ ಹಿಡಿದು ಹವಾಮಾನದ ಮಾತು ತೆಗೆದರು. ಅಕ್ಷತಾ ತುಟಿಗೆ ತಂದವಳು ಅಮ್ಮನ ಕಣ್ಣು ನೋಡಿ ಕೆಳಗಿಳಿಸಿ, ಫೋನು ತೆರೆದು ಏನನ್ನೋ ನೋಡಿ, ನಾಲಿಗೆ ಕಚ್ಚಿಕೊಂಡಳು. ನೊರೆ ಕುಸಿಯತೊಡಗಿತು. ನೊರೆ ಎಷ್ಟು ಹೊತ್ತು ನಿಲ್ಲುತ್ತದೆಂದು ನಾನು ವಾರವಿಡೀ ನೋಡಿದ್ದೆ. ಕುಡಿಯದೆ ಕುಸಿಯುವುದನ್ನು ನೋಡಿರಲಿಲ್ಲ. ಒಂದೊಂದೇ ಬೀಜ ಮುಳುಗಿತು. ಅವರು ಎಷ್ಟು ಸಭ್ಯರೆಂದರೆ ನನ್ನ ತಪ್ಪೇನೆಂದು ಹೇಳುವವರು ಅಲ್ಲಿ ಒಬ್ಬರೂ ಇರಲಿಲ್ಲ. ಎಲ್ಲ ಮುಗಿಯಿತು ಎಂದು ನನಗನಿಸಿತು. ರಮ್ ತಂದ ಹುಡುಗಿ ಎಂದು ಅವರು ಕಾರಿನಲ್ಲಿ ಕೂತ ಮೇಲೆ ಮಾತಾಡಿಕೊಳ್ಳುತ್ತಾರೆ. ಅಪ್ಪನಿಗೆ ಸುದ್ದಿ ಹೋಗುತ್ತದೆ.

ಆಗ ವಸಂತಿಯಕ್ಕ ಮೆಟ್ಟಿಲು ಹತ್ತಿ ಬಂದರು. ಅವರು ನಮಸ್ಕಾರ ಹೇಳಿ ಮುಗಿಸುವ ಮೊದಲೇ ಮೂಗು ಅರಳಿತು.

"ವಿದ್ಯಾ, ಇದಕ್ಕೆ ಎಂತ ಹಾಕಿದ್ದಿ?"

"ರಮ್," ಎಂದೆ. ಅಳತೆಯನ್ನೂ ಹೇಳಲಿದ್ದೆ.

"ಅಯ್ಯೋ ಮಾರಾಯ್ತಿ! ಇವತ್ತು ಸಂಕ್ರಮಣ ಅಲ್ವಾ!"

ನನಗೆ ಅರ್ಥವಾಗಲಿಲ್ಲ. ಹೊರಗೆ ನವೆಂಬರ್ ತಿಂಗಳ ಸೆಕೆ. ನಮಗೆ ಸಂಕ್ರಮಣ ವರ್ಷಕ್ಕೆ ಒಂದೇ. ಜನವರಿಯಲ್ಲಿ, ಕುಸುರೆಳ್ಳು, ಸಜ್ಜಿ ರೊಟ್ಟಿ, ಬುತ್ತಿ ಕಟ್ಟಿಕೊಂಡು ಹೊಳೆ ದಂಡೆಗೆ ಹೋಗುವುದು. ನಮ್ಮ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಚಂದ್ರನ ಲೆಕ್ಕ. ಇಲ್ಲಿ ತಿಂಗಳು ಸೂರ್ಯನದು. ಅವನು ರಾಶಿ ಬದಲಿಸುವ ದಿನ ತಿಂಗಳು ಮುಗಿಯುತ್ತದೆ, ಆದ್ದರಿಂದ ಸಂಕ್ರಮಣ ವರ್ಷಕ್ಕೆ ಹನ್ನೆರಡು. ಆ ದಿನ ಈ ಮನೆಗಳಲ್ಲಿ ಮೀನಿಲ್ಲ, ಮಾಂಸವಿಲ್ಲ, ಹೆಂಡವಿಲ್ಲ. ದೇವರಿಗೂ ದೈವಕ್ಕೂ ದೀಪ. ಅವರು ದೇವಸ್ಥಾನಕ್ಕೆ ಬಂದದ್ದೂ ಅದಕ್ಕೇ. ಕ್ಯಾಲೆಂಡರಿನಲ್ಲಿ ಆ ಚೌಕದೊಳಗೆ ಆ ಪದವನ್ನು ನಾನು ನೋಡಿಯೂ ಇದ್ದೆ. ಅದು ನನ್ನ ಸಂಕ್ರಮಣವಲ್ಲವೆಂದು ದಾಟಿ ಹೋಗಿದ್ದೆ.

"ಹೇಳುವುದಾ ಬೇಡವಾ ಅಂತ ನಾನೂ ನೋಡ್ತಾ ಇದ್ದೆ," ಎಂದು ಮಾವ ನಗತೊಡಗಿದರು. "ನಾಳೆ ಆಗಿದ್ದರೆ ಒಂದಲ್ಲ, ಮೂರು ಕುಡೀತಿದ್ದೆ ಮಾರಾಯ್ರೆ."

"ಅಣ್ಣನಿಗೆ ತಿಂಗಳಿಗೆ ಒಂದು ದಿನ ಕುಡಿತಕ್ಕೆ ರಜೆ ಇರುವುದು," ಎಂದರು ಲೀಲಕ್ಕ. "ಅದನ್ನೂ ತೆಗೀತೀಯಾ ಅಂತ ನನಗೆ ಹೆದರಿಕೆಯಾಯ್ತು."

"ತಪ್ಪು ನಂದು ಅಮ್ಮ," ಎಂದಳು ಅಕ್ಷತಾ. "ನಾನೇ ಹೇಳಿದ್ದು ಅತ್ತಿಗೆಗೆ."

"ನಿನಗೆ ಹಾಸ್ಟೆಲಿನಲ್ಲಿ ಸಂಕ್ರಮಣವೂ ಇಲ್ಲ, ಶನಿವಾರವೂ ಇಲ್ಲ. ನಿನ್ನ ವಿಷಯ ಮನೆಗೆ ಹೋಗಿ ಮಾತಾಡುವ."

ವಸಂತಿಯಕ್ಕ ತಟ್ಟೆಯನ್ನು ಎತ್ತಿ ನನ್ನ ಕೈಗೆ ಕೊಟ್ಟು, ನನ್ನನ್ನೇ ತಳ್ಳಿಕೊಂಡು ಅಡುಗೆಮನೆಗೆ ಬಂದರು. ಅಷ್ಟನ್ನೂ ಸಿಂಕಿಗೆ ಸುರಿಸಿದರು. "ಕಾಫಿ ಅಂತ ಹೇಳಿದ್ದಿಯಲ್ಲ ನನ್ನತ್ರ? ನನ್ನತ್ರವೂ ಗುಟ್ಟಾ?" ಎಂದು ಗದರಿದರು. ಎರಡು ವರ್ಷದಲ್ಲಿ ಯಾರೂ ನನ್ನನ್ನು ಗದರಿಸಿರಲಿಲ್ಲ. ವಿಚಿತ್ರವೆಂದರೆ ನನಗೆ ಆಗ ಜೀವ ಬಂತು.

"ಡಿಕಾಕ್ಷನ್ ಇನ್ನೂ ಉಂಟು ಅಕ್ಕ," ಎಂದೆ.

"ಉಂಟಾದರೆ ಈ ಅಳುಮೋರೆ ಎಂತಕ್ಕೆ? ಸೋಡಾ ಉಂಟಾ?"

ಸೋಡಾ ಇತ್ತು. ವಸಂತಿಯಕ್ಕ ಕೆಳಗೆ ಹೋಗಿ ತಮ್ಮ ಮನೆಯ ಪುನರ್ಪುಳಿಯ ಪಾಕದ ಬಾಟಲಿ ಮತ್ತು ಸ್ಟೀಲ್ ಲೋಟಗಳನ್ನು ತಂದರು. ಪುನರ್ಪುಳಿ ಎಂದರೆ ಇಲ್ಲಿಯ ಕೆಂಪು ಹುಳಿ ಹಣ್ಣು. ಸಿಪ್ಪೆಯನ್ನು ಸಕ್ಕರೆಯಲ್ಲಿ ಹಾಕಿಟ್ಟು ಶರಬತ್ತು ಮಾಡುತ್ತಾರೆ. ಕಾಫಿಗೆ ಹುಳಿ ಸೇರುತ್ತದೆಯೇ ಎಂದು ಪರೀಕ್ಷಿಸಲು ಹೊತ್ತಿರಲಿಲ್ಲ. ನಾನು ಹದಿನೈದರ ಗೆರೆಗೆ ಪಾಕ ಅಳೆಯುತ್ತಿದ್ದಾಗ ವಸಂತಿಯಕ್ಕ ಬಾಟಲಿ ಕಿತ್ತುಕೊಂಡು ಕಣ್ಣಂದಾಜಿನಲ್ಲಿ ಸುರಿದರು. ಅದರ ಮೇಲೆ ಐಸು, ಸೋಡಾ, ಕೊನೆಗೆ ಮೆಲ್ಲಗೆ ಡಿಕಾಕ್ಷನ್. ಮೇಲೆ ಕಪ್ಪು, ಕೆಳಗೆ ಕೆಂಪು, ನಡುವೆ ಬಣ್ಣವೇ ಇಲ್ಲದ ಗುಳ್ಳೆಗಳು. ಸ್ಟೀಲ್ ಲೋಟದಲ್ಲಿ ಅದು ಯಾರಿಗೂ ಕಾಣಲಿಲ್ಲ, ನನಗೆ ಮಾತ್ರ ಗೊತ್ತಿತ್ತು.

ಮಾವ ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು.

"ಎಂಚ ಉಂಡು?" ಎಂದರು ಲೀಲಕ್ಕ, ಹೇಗಿದೆ ಎಂದು.

"ಇದು ಕಾಫಿಯಾ ಕಷಾಯವಾ ಗೊತ್ತಾಗುವುದಿಲ್ಲ," ಎಂದರು ಮಾವ. "ಆದರೆ ಲೋಟ ಕೆಳಗಿಡ್ಲಿಕ್ಕೆ ಮನಸ್ಸು ಬರುವುದಿಲ್ಲ."

ಎಲ್ಲರೂ ಎರಡನೆಯ ಸಲ ಕೇಳಿ ಹಾಕಿಸಿಕೊಂಡರು. ಆ ಲೋಟ ಮುಗಿಯುವ ಹೊತ್ತಿಗೆ ಮಾತು ತುಳುವಿಗೆ ಹೊರಳಿತು. ಯಾರೂ ನನಗಾಗಿ ಕನ್ನಡಕ್ಕೆ ಬದಲಾಗಲಿಲ್ಲ. ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ತಿಳಿಯದ ಅರ್ಧಕ್ಕೂ ನಕ್ಕೆ.

ಆಮೇಲೆ ಮಾವ ಲೋಟ ಪಕ್ಕಕ್ಕಿಟ್ಟು ನೇರವಾಗಿ ಕೂತರು. ಕನ್ನಡಕ್ಕೆ ಮರಳಿದರು. ನಿಜವಾದ ಮಾತು ಈಗ ಬರುತ್ತಿದೆ ಎಂದು ನನಗೆ ಗೊತ್ತಾಯಿತು.

"ನೋಡಿ ವಿದ್ಯಾ, ಜಾತಿ ಗೀತಿ ನಾನು ಕೇಳುವುದಿಲ್ಲ. ಸುಧೀರ ಹೇಳಿದ್ದಾನೆ, ಸಾಕು. ನನ್ನದು ಒಂದೇ ಕಷ್ಟ. ನಿಮ್ಮಲ್ಲಿ ಬರಿ ಉಂಟಾ?"

ಬರಿ ಎಂದರೇನೆಂದು ನಮ್ಮ ಕಡೆಯವರಿಗೆ ಹೇಳಬೇಕು. ಇಲ್ಲಿ ಬಹಳಷ್ಟು ಮನೆತನಗಳಲ್ಲಿ ವಂಶ ತಾಯಿಯ ಕಡೆಯಿಂದ ಹರಿಯುತ್ತದೆ. ತಾಯಿಯ ಕುಲದ ಹೆಸರು ಮಕ್ಕಳಿಗೆ, ಅದೇ ಬರಿ. ಒಂದೇ ಬರಿಯವರು ಅಣ್ಣ ತಂಗಿಯರಿದ್ದ ಹಾಗೆ, ಮದುವೆಯಾಗುವಂತಿಲ್ಲ. ಸುಧೀರನ ಬರಿ ಅವನ ಅಮ್ಮನದು, ಮಾವನದು. ಅವನ ಅಪ್ಪನದು ಬೇರೆ. ಸುಧೀರನ ಮಕ್ಕಳಿಗೆ ಬರಿ ಸಿಗಬೇಕಾದದ್ದು ನನ್ನಿಂದ.

"ಇಲ್ಲ," ಎಂದೆ. "ನಮ್ಮಲ್ಲಿ ಎಲ್ಲ ಅಪ್ಪನ ಕಡೆಯದು."

"ಅದೇ ಕಷ್ಟ. ಮದುವೆಯ ದಿನ ಶಾಸ್ತ್ರ ನಡೆಸುವ ಹಿರಿಯರು, ಗುರುಕಾರರು, ಎರಡೂ ಕಡೆಯ ಬರಿ ಹೇಳಿ ಕರೆಯಬೇಕು. ಅದಾದರೂ ಹೇಗಾದರೂ ಕಳೀತದೆ. ನಾಳೆ ಮಗುವನ್ನು ಕುಟುಂಬದ ಮನೆಗೆ ಕರೆದುಕೊಂಡು ಹೋದಾಗ, ಇದು ಯಾರ ಬರಿಯ ಮಗು ಅಂತ ಕೇಳ್ತಾರೆ. ಮಗುವಿಗೆ ಉತ್ತರ ಬೇಡವಾ? ನಿಮ್ಮನ್ನು ಬೇಡ ಹೇಳ್ಲಿಕ್ಕೆ ನಾನು ಈ ಮಾತು ತೆಗೆದದ್ದಲ್ಲ. ಉತ್ತರ ನನಗೂ ಗೊತ್ತಿಲ್ಲ, ಅದಕ್ಕೆ ಕೇಳಿದ್ದು."

ಗದಗಿನಲ್ಲಿ ನನ್ನ ಹೆಸರಿನ ಹಿಂದೆ ಅಪ್ಪನ ಹೆಸರು, ಅಪ್ಪನ ಮನೆತನ, ಅಪ್ಪನ ಅಜ್ಜನ ಊರು, ಇಷ್ಟುದ್ದದ ಸಾಲು ಇದೆ. ಯಾರ ಪೈಕಿ ಎಂದು ಕೇಳಿದರೆ ಎಂದೂ ತಡವರಿಸಿದವಳಲ್ಲ. ಇಲ್ಲಿ ಆ ಸಾಲು ಯಾವ ಉಪಯೋಗಕ್ಕೂ ಬರಲಿಲ್ಲ. ಅವರು ಅವ್ವನ ಕಡೆಯಿಂದ ನೀನು ಯಾರು ಎಂದು ಕೇಳುತ್ತಿದ್ದರು. ಅವ್ವನ ತಾಯಿಯ ತವರು ಯಾವುದೆಂಬುದು ನನಗೆ ಗೊತ್ತೇ ಇರಲಿಲ್ಲ. ಇಪ್ಪತ್ತೆಂಟು ವರ್ಷ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ನಮ್ಮ ಬರಿಗೇ ಸೇರಿಸಿದ್ರೆ ಆಗುವುದಿಲ್ವಾ ಮಾವ?" ಎಂದಳು ಅಕ್ಷತಾ.

"ಸೇರಿಸುವ. ಸುಧೀರನಿಗೆ ತಂಗಿಯಾಗ್ತಾಳೆ. ಮತ್ತೆ ಅವನಿಗೆ ಬೇರೆ ಹುಡುಗಿ ನೋಡುವ ಕೆಲಸ ನಿನಗೆ."

ನಗು ಎದ್ದಿತು, ಬೇಗ ಇಳಿಯಿತು. ಲೀಲಕ್ಕ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದರು. ವಸಂತಿಯಕ್ಕ ತಮ್ಮ ಲೋಟ ಕೆಳಗಿಟ್ಟರು.

"ನಮ್ಮದು ಬೇರೆ ಬರಿ," ಎಂದರು.

ಮಾವ ಅವರ ಕಡೆ ತಿರುಗಿದರು.

"ನಾವು ನಿಮ್ಮ ಪೈಕಿಯೇ. ಬರಿ ಮಾತ್ರ ಬೇರೆ, ಕೊಡ್ಲಿಕ್ಕೆ ತಗೊಳ್ಲಿಕ್ಕೆ ಆಗುವ ಬರಿ. ನನಗೆ ಇಬ್ಬರು ಮಕ್ಕಳು, ಇಬ್ಬರೂ ಗಂಡು. ಅಕ್ಕ ಇದ್ದಳು, ಅವಳಿಗೆ ಮಕ್ಕಳಿಲ್ಲ. ಹೆಜಮಾಡಿಯಲ್ಲಿ ನಮ್ಮ ಕವಲು ನನ್ನಲ್ಲಿಗೆ ಮುಗೀತು. ಪ್ರತಿ ಸಲ ಮನೆಗೆ ಹೋದಾಗ ನಮ್ಮ ಹಿರಿಯರು ಅದನ್ನೇ 'ಪಾಪ' ಅಂತಾರೆ. ಹೊರಗಿನ ಹುಡುಗಿಯನ್ನು ಮಗಳು ಅಂತ ಬರಿಗೆ ಸೇರಿಸಿದ್ದು ಮೊದಲೂ ಉಂಟು. ದೈವದ ಎದುರು ಹೇಳಿ, ನೀರು ಕುಡಿಸಿ, ಸೇರಿಸುವುದು. ಇವಳನ್ನು ನನಗೆ ಕೊಡಿ."

ಇಬ್ಬರು ಗಂಡುಮಕ್ಕಳ ತಾಯಿಯನ್ನು ನಮ್ಮ ಓಣಿಯಲ್ಲಿ ಪುಣ್ಯವಂತೆ ಎನ್ನುತ್ತಾರೆ. ತೊಟ್ಟಿಲ ಶಾಸ್ತ್ರಕ್ಕೆ ಮುಂದೆ ಕರೆಯುತ್ತಾರೆ. ನಾನು ಇವರನ್ನೂ ಹಾಗೆಯೇ ನೋಡಿದ್ದೆ. ದಿನವೂ ಅವರ ಮನೆಯ ಮುಂದಿನಿಂದಲೇ ಮೆಟ್ಟಿಲು ಹತ್ತುತ್ತ ಇಳಿಯುತ್ತ ಇದ್ದವಳಿಗೆ, ಆ ಮನೆಯಲ್ಲಿ ಒಬ್ಬಳು ಕಡಿಮೆ ಇದ್ದಾಳೆಂದು ಕಂಡಿರಲಿಲ್ಲ.

"ಅಕ್ಕಾ, ಹಾಗಾದರೆ ನನ್ನದನ್ನು ಬಿಡಬೇಕಾ?" ಎಂದು ಕೇಳಿದೆ. ಆ ಸಂಜೆ ನಾನಾಗಿಯೇ ಕೇಳಿದ ಒಂದೇ ಪ್ರಶ್ನೆ ಅದು.

"ನಿನ್ನ ಅಪ್ಪನದ್ದು ನಿನ್ನತ್ರವೇ ಇರಲಿ, ಅದನ್ನು ಯಾರೂ ಮುಟ್ಟುವುದಿಲ್ಲ. ಬರಿ ನಿನ್ನಲ್ಲಿ ಇಲ್ಲವೇ ಇಲ್ಲ. ಇಲ್ಲದ್ದನ್ನು ಬಿಡ್ಲಿಕ್ಕೆ ಆಗ್ತದಾ ಮಾರಾಯ್ತಿ?"

ಲೀಲಕ್ಕನ ಕಣ್ಣು ತುಂಬಿತ್ತು. ಅವರು ಅಣ್ಣನನ್ನು ನೋಡುತ್ತಿದ್ದರು. ಮಾವ ಮಾತ್ರ ನನ್ನನ್ನು ನೋಡುತ್ತಿದ್ದರು.

"ನೀವು ಎಂತ ಹೇಳ್ತೀರಿ?"

"ಅವ್ವನನ್ನು ಕೇಳಬೇಕು," ಎಂದೆ.

"ಮತ್ತೆ? ಕೇಳಲೇಬೇಕು. ತಾಯಿಯನ್ನು ಕೇಳದೆ ಬೇರೆ ಬರಿಗೆ ಹೋಗುವುದುಂಟಾ?" ಅವರು ಎದ್ದು ಪಂಚೆ ಸರಿಮಾಡಿಕೊಂಡರು. "ನಿಮ್ಮ ತಾಯಿ ಹೂಂ ಅಂದರೆ, ನನ್ನದು ಹೂಂ. ಅವರು ಬೇಡ ಅಂದರೆ ನಾನು ಇನ್ನೊಮ್ಮೆ ಯೋಚನೆ ಮಾಡಬೇಕಾಗ್ತದೆ. ಮತ್ತೆ ಸಂಕ್ರಮಣ ಇಲ್ಲದ ದಿನ ನೋಡಿ ಆ ಮೊದಲಿನ ಕಾಫಿಗೆ ಕರೀಬೇಕು ನೀವು. ಮರೀಬೇಡಿ."

ಅವರೆಲ್ಲ ಹೋದ ಮೇಲೆ ಬಾಲ್ಕನಿಯಲ್ಲಿ ನಿಂತೆ. ಕಾರಿನ ಕೆಂಪು ದೀಪಗಳು ಇಳಿಜಾರಿನಲ್ಲಿ ಮರೆಯಾದವು. ಅಪ್ಪ ತನ್ನ ಒಪ್ಪಿಗೆಯನ್ನು ಇವರ ಬಾಯಲ್ಲಿಟ್ಟಿದ್ದ. ಇವರು ತಮ್ಮ ಒಪ್ಪಿಗೆಯನ್ನು ಅವ್ವನ ಬಾಯಲ್ಲಿಟ್ಟು ಹೋದರು. ನಮ್ಮ ಮನೆಯ ಯಾವ ದೊಡ್ಡ ಮಾತಿನಲ್ಲೂ ಯಾರೂ ಅವ್ವನ ಹೂಂ ಕೇಳಿದ್ದು ನನಗೆ ನೆನಪಿಲ್ಲ. ಎಲ್ಲವೂ ಅವಳ ಮೂಲಕ ಹೋಗುತ್ತಿತ್ತು, ಅವಳಲ್ಲಿಗೆ ಬಂದು ನಿಲ್ಲುತ್ತಿರಲಿಲ್ಲ. ಅದನ್ನು ಕೇಳಿದವರು ಇಷ್ಟು ದೂರದ, ಅವಳನ್ನು ಕಾಣದ ಜನ. ಇಲ್ಲಿ ನಾನು ಸೇರಬೇಕಾದರೆ ಒಬ್ಬ ತಾಯಿ ಹೆಚ್ಚಾಗಬೇಕು, ಮತ್ತು ಹಾಗೆ ಹೆಚ್ಚಾಗಲು ಇರುವ ತಾಯಿ ಒಪ್ಪಬೇಕು. ಅದು ಯಾವ ಮಗಳೂ ತನ್ನ ತಾಯಿಯನ್ನು ಸುಲಭವಾಗಿ ಕೇಳುವ ಮಾತಲ್ಲ. ವಾಕ್ಯವನ್ನು ಮನಸ್ಸಿನಲ್ಲಿ ಹಲವು ರೀತಿ ಜೋಡಿಸಿದೆ. ಯಾವುದೂ ಸರಿಹೋಗಲಿಲ್ಲ. ಮಲಗಿದೆ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ತಯಾರಾಗಿ, ಚೀಲ ಹೆಗಲಿಗೆ ಹಾಕಿಕೊಂಡು, ಅವ್ವನಿಗೆ ಫೋನು ಮಾಡಿದೆ. ರಮ್ಮಿನ ವಿಷಯ ಬಿಟ್ಟು ಎಲ್ಲ ಹೇಳಿದೆ. ಆ ಕಡೆ ನಮ್ಮ ಓಣಿಯ ಹಾಲಿನವನ ಗಂಟೆ ಕೇಳಿಸಿತು.

"ಅಂದ್ರ," ಎಂದಳು ಅವ್ವ, "ನಾ ಜೀವಂತ ಇರೂಮುಂದ ನಿನಗ ಇನ್ನೊಬ್ಬಾಕಿ ತಾಯಿ ಬೇಕಾದಳು?"

"ಹಂಗಲ್ಲವ್ವಾ. ಕೂಸಿಗೆ ಹೆಸರು ಬೇಕಂತ."

"ಯಾ ಕೂಸು? ಲಗ್ನಾನ ಆಗಿಲ್ಲ, ಆಗ್ಲೇ ಕೂಸಿನ ಮಾತು ಮುಗಿಸ್ಯಾರೇನು ನಿಮ್ಮ ಮಂದಿ?"

ನನಗೆ ನಗು ಬಂತು. ಅವಳು ನಗಲಿಲ್ಲ.

"ಆಕಿ ಹೆಂಗದಾಳ?"

"ಚಲೋ ಅದಾಳ."

"ಹೋದ ವರ್ಷ ನಿನಗ ಜ್ವರ ಬಂದಾಗ ಮೂರು ದಿನ ಗಂಜಿ ಮಾಡಿ ಕೊಟ್ಟಾಕಿ ಆಕೀನ ಏನು?"

"ಹೂಂ. ಆಕೀನ."

"ಆಕೀ ಕೈಯಾಗ ಫೋನು ಕೊಡು."

ಮೆಟ್ಟಿಲಿಳಿದು ಹೋದೆ. ವಸಂತಿಯಕ್ಕ ಸೊಸೈಟಿಗೆ ಹೊರಡಲು ತಲೆಗೆ ಹೂ ಮುಡಿಯುತ್ತಿದ್ದರು. ಫೋನು ಚಾಚಿದೆ. ಅವರು ಸೆರಗು ಸರಿಮಾಡಿಕೊಂಡು, ಅವ್ವ ಎದುರಿಗೇ ನಿಂತಿದ್ದಾಳೇನೋ ಎಂಬಂತೆ ನಿಂತು, "ನಮಸ್ಕಾರ ಅಕ್ಕ, ನಾನು ವಸಂತಿ ಮಾತಾಡುವುದು," ಎಂದರು.

ಅವ್ವನ ದನಿ ನನಗೂ ಕೇಳುವಷ್ಟು ಜೋರಾಗಿತ್ತು. "ನೋಡ್ರಿ, ಮೊದಲ ಹೇಳಿಬಿಡ್ತೀನಿ. ಮಗಳು ನನ್ನಾಕಿ."

"ಹೌದಕ್ಕ. ನಿಮ್ಮದೇ. ಯಾರು ಇಲ್ಲ ಹೇಳಿದ್ದು?"

"ಹಸಿವಾದ್ರ ಬಾಯಿ ಬಿಟ್ಟು ಹೇಳಾಕಿ ಅಲ್ಲ ಆಕಿ."

"ಗೊತ್ತುಂಟು, ಗೊತ್ತುಂಟು. ಕೇಳಿದ್ರೆ 'ಆಯ್ತು' ಅಂತಾಳೆ. ನಾನು ಪಾತ್ರೆ ನೋಡಿ ಬರ್ತೇನೆ."

ಆ ಕಡೆಯಿಂದ ಒಂದು ಸಣ್ಣ ಶಬ್ದ ಬಂತು. ಅವ್ವ ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. "ಹಂಗಾದ್ರ ಹೂಂ ಅನ್ರಿ ಅವರಿಗೆ," ಎಂದಳು. ಆಮೇಲೆ ಉಸಿರು ತೆಗೆದುಕೊಂಡು, "ಇನ್ನ ಕೇಳ್ರಿ, ಸಣ್ಣಾಕಿ ಇದ್ದಾಗ ಏನ್ ಮಾಡಿದ್ಲಂದ್ರ…" ಎಂದು ಶುರು ಮಾಡಿದಳು. ವಸಂತಿಯಕ್ಕ ಹೂವಿನ ತುದಿ ಕೈಯಲ್ಲೇ ಹಿಡಿದು ಸೋಫಾದ ಮೇಲೆ ಕೂತರು.

ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ನಾನು ಫೋನಿಗೆ ಕೈ ಚಾಚಿದೆ. ವಸಂತಿಯಕ್ಕ ನನ್ನತ್ತ ನೋಡದೆ, ನೀನು ಹೋಗು ಎಂದು ಬಾಗಿಲ ಕಡೆ ಕೈ ಬೀಸಿದರು. ನಾನು ಯಾರ ಕೈಗೂ ಕೊಡದ ಫೋನು ಅದು. ಇಬ್ಬರ ನಡುವೆ ಅದನ್ನು ಹಾಗೆಯೇ ಬಿಟ್ಟು, ಓಡಿಹೋಗಿ ಬಸ್ಸು ಹತ್ತಿ, ಬರಿಗೈಯಲ್ಲಿ ಕೆಲಸಕ್ಕೆ ಹೋದೆ.